ಸ್ವೆಟರ್ ಸುತ್ತಿದ ಮಂಜುಗಡ್ಡೆ

ಆ ಹುಡುಗಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು, ಚೆನ್ನಾಗಿಯೇ ಇತ್ತು. ಆದರೆ ಏಳನೇ ತರಗತಿಯಲ್ಲಿ ಈಗ ಆ ಹೆಸರು ಹಿಡಿದು ಕರೆದರೆ ಯಾರೂ ತಿರುಗಿ ನೋಡುವುದಿಲ್ಲ, ಅವಳೂ ನೋಡುವುದಿಲ್ಲ. ಎಲ್ಲರ ಬಾಯಲ್ಲೂ ಅವಳು ‘ಸ್ವೆಟರ್’. ಹಾಜರಿ ಕೂಗುವಾಗ ಮಾತ್ರ ಹಳೆಯ ಹೆಸರು ಹೊರಗೆ ಬರುತ್ತದೆ, ಆಗ ಹಿಂದಿನ ಬೆಂಚಿನಿಂದ ಯಾರಾದರೊಬ್ಬರು “ಯಾರಪ್ಪಾ ಅದು, ಹೊಸ ಅಡ್ಮಿಷನ್ನಾ?” ಎಂದು ಕೇಳಿ ಕಿಸಕ್ಕನೆ ನಗುತ್ತಾರೆ. ಈ ಮರುನಾಮಕರಣಕ್ಕೆ ಬೇರೆ ಯಾರನ್ನೂ ದೂರುವಂತಿಲ್ಲ. ತನ್ನ ಬಾಯಿಂದಲೇ ತಂದುಕೊಂಡದ್ದು.

ಆದದ್ದು ಇಷ್ಟು. ವಿಜ್ಞಾನದ ಮಿಸ್ ಆ ವರ್ಷ ತರಗತಿಗೆ ಟ್ಯಾಬ್ ತರಿಸಿದ್ದರು, ಇಬ್ಬರಿಗೆ ಒಂದರಂತೆ. ಅದರೊಳಗೆ ಪ್ರತಿಯೊಬ್ಬರಿಗೂ ಒಂದು ‘ತನಿಖೆ ಪುಟ’. ಪ್ರಯೋಗ ಶುರುವಾಗುವ ಮೊದಲು ಏನಾದೀತು ಎಂಬ ನಿಮ್ಮ ಊಹೆಯನ್ನು ವಿಡಿಯೋದಲ್ಲಿ ಹೇಳಬೇಕು. ಆಮೇಲೆ ಮಾಡಿದ್ದರ ಫೋಟೋ, ಆಮೇಲೆ ಏನಾಯಿತು ಎಂಬುದು, ಕಟ್ಟಕಡೆಗೆ ‘ಈಗ ಏನನ್ನಿಸುತ್ತೆ’. ಊಹೆ ಹೇಳದೆ ಮುಂದಿನ ಭಾಗ ತೆರೆಯುವುದಿಲ್ಲ, ಜಪ್ಪಯ್ಯ ಅಂದರೂ ತೆರೆಯುವುದಿಲ್ಲ. ಬೇರೆಯವರ ಪುಟ ನೋಡುವುದಕ್ಕೂ ಅದೇ ಕಟ್ಟಳೆ: ಮೊದಲು ನಿಮ್ಮ ಊಹೆ, ಆಮೇಲೆ ಅವರ ಉತ್ತರ. ಬೇಡದ್ದನ್ನು ತೆಗೆಯಲು ಮೂಲೆಯಲ್ಲಿ ‘ಅಳಿಸು’ ಎಂಬ ಗುಂಡಿಯೂ ಇತ್ತು. ಆದರೆ ಪುಟ ಯಾರದೋ ಅವರೇ ತಮ್ಮ ಬೆರಳಿನಿಂದ, ಫೋನಿನ ಬೀಗ ತೆಗೆಯುವಂತೆ, ತಮ್ಮ ಗುಟ್ಟಿನ ಗೆರೆ ಎಳೆದರೆ ಮಾತ್ರ ಅದು ಕೆಲಸ ಮಾಡುತ್ತಿತ್ತು. ಮಿಸ್ಸಿಗೂ ಅಲ್ಲಿ ಬೇರೆ ದಾರಿ ಇರಲಿಲ್ಲ.

ಮಂಜುಗಡ್ಡೆಯ ಪ್ರಯೋಗ ಬಂತು. ಕ್ಯಾಂಟೀನಿನ ಫ್ರಿಜ್‌ನಿಂದ ತಂದ ಎರಡು ಗಡ್ಡೆ, ಎರಡು ಬಟ್ಟಲು. ಒಂದನ್ನು ಹಾಗೇ ಬಿಡುವುದು, ಇನ್ನೊಂದಕ್ಕೆ ಸ್ವೆಟರ್ ಸುತ್ತುವುದು. ಯಾವುದು ಮೊದಲು ಕರಗುತ್ತೆ? ಸ್ವೆಟರು ಈ ಹುಡುಗಿಯ ಅಜ್ಜಿಯದು, ಅಜ್ಜಿಯೇ ಹೆಣೆದದ್ದು, ಇಟ್ಟಿಗೆ ಬಣ್ಣದ್ದು, ಮೊಣಕೈ ಹತ್ತಿರ ಬೇರೆ ನೂಲಿನ ತೇಪೆ ಇದ್ದದ್ದು. ಹಾಕಿಕೊಂಡರೆ ಬೆವರು ಕಿತ್ತುಕೊಂಡು ಬರುವಷ್ಟು ದಪ್ಪ. ಹೀಗಾಗಿ ಹುಡುಗಿಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ. ಕ್ಯಾಮೆರಾ ಮುಂದೆ ನಿಂತು, ಸೊಂಟದ ಮೇಲೆ ಕೈಯಿಟ್ಟು, ಪಕ್ಕದ ತರಗತಿಗೂ ಕೇಳುವ ಹಾಗೆ ಹೇಳಿದಳು:

“ಸ್ವೆಟರ್ ಅಂದ್ರೇನು? ಬಿಸಿ! ಬಿಸಿ ತಗುಲಿದ್ರೆ ಏನಾಗುತ್ತೆ? ಕರಗುತ್ತೆ! ಸ್ವೆಟರ್ ಸುತ್ತಿದ್ದೇ ಮೊದ್ಲು ಕರಗೋದು. ಕರಗ್ಲಿಲ್ಲ ಅಂದ್ರೆ ನನ್ ಹೆಸ್ರೇ ಬದಲಾಯ್ಸಿ!”

ಹಾಗೇ ಬಿಟ್ಟ ಗಡ್ಡೆ ಕರಗಿ ಬಟ್ಟಲಲ್ಲಿ ನೀರಾಗಿ ನಿಂತಿತು. ಸ್ವೆಟರ್ ಬಿಚ್ಚಿ ನೋಡಿದರೆ ಒಳಗಿನದು ಗಟ್ಟಿಯಾಗಿ, ಹಾಯಾಗಿ ಕೂತಿತ್ತು, ನಿದ್ದೆಯಿಂದ ಎಬ್ಬಿಸಿದಿರಲ್ಲ ಎನ್ನುವಂತೆ. ತರಗತಿ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ಮಕ್ಕಳು ಅವಳ ಮಾತು ಮೀರಲಿಲ್ಲ, ಆ ಕ್ಷಣವೇ ಹೆಸರು ಬದಲಾಯಿಸಿಬಿಟ್ಟರು.

ಅವತ್ತು ಅವಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತ್ತು. ಪಾಠ ಮುಗಿದ ಮೇಲೆ ಟ್ಯಾಬ್ ಹಿಡಿದುಕೊಂಡು ಮೂಲೆಗೆ ಹೋಗಿ ಆ ವಿಡಿಯೋದ ಮೇಲೆ ಬೆರಳಿಟ್ಟೂ ಆಗಿತ್ತು. ಮಿಸ್ ನೋಡಿದರು. ತಡೆಯಲಿಲ್ಲ.

“ನಿನ್ನ ಪುಟ, ನಿನ್ನಿಷ್ಟ. ಆದ್ರೆ ಒಂದು ಮಾತು. ಅದನ್ನ ತೆಗೆದ್ರೆ ನೀನು ಎಲ್ಲಿಂದ ಹೊರಟೆ ಅನ್ನೋದು ಯಾರಿಗೂ ಗೊತ್ತಾಗಲ್ಲ. ಸ್ವಲ್ಪ ದಿನ ಆದ್ಮೇಲೆ ನಿಂಗೂ ಗೊತ್ತಿರಲ್ಲ.”

ಹುಡುಗಿ ಮುಖ ಊದಿಸಿಕೊಂಡೇ ಬೆರಳು ತೆಗೆದಳು. ಆದರೆ ಸೋತೆ ಎಂದು ಸುಮ್ಮನೆ ಕೂರುವ ಜಾಯಮಾನ ಅವಳದಲ್ಲ. ರಾತ್ರಿ ಊಟ ಮಾಡುವಾಗ, ಹಲ್ಲುಜ್ಜುವಾಗ, ಬೆಳಗ್ಗೆ ಶೂ ಲೇಸ್ ಕಟ್ಟುವಾಗ ಒಂದೇ ಯೋಚನೆ. ಈ ಹಾಳು ಸ್ವೆಟರ್ ಬಿಸಿ ಕೊಡೋದೇ ಆದರೆ ಗಡ್ಡೆಗೆ ಯಾಕೆ ಕೊಡಲಿಲ್ಲ? ಅದಕ್ಕೇನು ಗಡ್ಡೆ ಮೇಲೆ ದ್ವೇಷವಾ? ಮಾರನೆಯ ದಿನ ಯಾರೂ ಹೇಳದೆಯೇ ಅವಳು ಲ್ಯಾಬಿನಿಂದ ಎರಡು ಥರ್ಮಾಮೀಟರ್ ಕೇಳಿ ಪಡೆದಳು. ಒಂದನ್ನು ಖಾಲಿ ಸ್ವೆಟರಿನ ಮಡಿಕೆಯೊಳಗೆ ತೂರಿಸಿದಳು, ಇನ್ನೊಂದನ್ನು ಪಕ್ಕದಲ್ಲಿ ಮೇಜಿನ ಮೇಲೆ ಮಲಗಿಸಿದಳು. ಟ್ಯಾಬನ್ನು ಎದುರಿಗೆ ನಿಲ್ಲಿಸಿ, ತಾನಾಗಿ ಫೋಟೋ ತೆಗೆಯುತ್ತಿರುವಂತೆ ಮಾಡಿ, ಊಟದ ಬಿಡುವಿನುದ್ದಕ್ಕೂ ಅದರ ಮುಂದೆ ಕಾವಲು ಕೂತಳು. ಒಳಗಿನದು ಒಂದು ಗೆರೆಯೂ ಏರಲಿಲ್ಲ. ಎರಡೂ ಒಂದೇ.

‘ಈಗ ಏನನ್ನಿಸುತ್ತೆ’ ಎಂಬಲ್ಲಿ ಅವಳ ದನಿ ಈಗಲೂ ಇದೆ, ಸ್ವಲ್ಪ ಸಿಟ್ಟಿನಲ್ಲೇ ಇದೆ: “ಸ್ವೆಟರ್‌ಗೆ ಸ್ವಂತದ್ದು ಅಂತ ಏನೂ ಇಲ್ಲ. ಒಳಗಿರೋದನ್ನ ಹೊರಗೆ ಬಿಡಲ್ಲ, ಹೊರಗಿರೋದನ್ನ ಒಳಗೆ ಬಿಡಲ್ಲ. ನಾನು ಹಾಕ್ಕೊಂಡ್ರೆ ಬೆಚ್ಚಗಾಗೋದು ನನ್ನದೇ ಬಿಸಿಗೆ. ಇಷ್ಟು ದಿನ ಆ ಹೊಗಳಿಕೆನೆಲ್ಲ ಅದು ತಗೊಂಡಿತ್ತು.”

ಇದನ್ನು ಕೇಳಿ ಮಿಸ್ ಕುರ್ಚಿಯಿಂದ ಎದ್ದು ನಿಂತುಬಿಟ್ಟಿದ್ದರು. ಅಂತರಶಾಲಾ ವಿಜ್ಞಾನ ಮೇಳಕ್ಕೆ ಈ ತನಿಖೆಯೇ ಹೋಗಬೇಕು ಎಂದು ಅಲ್ಲೇ ತೀರ್ಮಾನವಾಯಿತು. ಇವಳು ಮತ್ತು ಇವಳ ಟ್ಯಾಬಿನ ಜೊತೆಗಾತಿ ಉದ್ದಜಡೆ, ಇಬ್ಬರೂ. ಮೇಳ ಬೇರೆ ಊರಲ್ಲಿ. ಬಸ್ಸಿನಲ್ಲಿ ಹೋಗಿ ಅಲ್ಲೇ ಉಳಿಯಬೇಕು, ಸಂಜೆ ದೊಡ್ಡ ದೂರದರ್ಶಕದಲ್ಲಿ ಶನಿ ಗ್ರಹದ ಉಂಗುರ ತೋರಿಸುತ್ತಾರಂತೆ. ಅಪ್ಪ ಅಮ್ಮ ಇಲ್ಲದೆ ಒಂದು ರಾತ್ರಿಯೂ ಹೊರಗೆ ಕಳೆಯದ ಹುಡುಗಿ ಅವತ್ತೇ ಮನೆಗೆ ಬಂದು ಅಟ್ಟದ ಮೇಲಿನ ಚೀಲ ಇಳಿಸಿದಳು.

“ಶನಿ ಹೆಗಲೇರೋದು ಕೇಳಿದ್ದೆ,” ಅಜ್ಜಿ ಚೀಲದ ಧೂಳು ಕೊಡವುತ್ತಾ ಅಂದರು. “ಬಸ್ ಹತ್ತಿ ಶನಿಯನ್ನ ಹುಡುಕ್ಕೊಂಡು ಹೋಗೋರನ್ನ ಇವತ್ತೇ ನೋಡಿದ್ದು.”

ಅಷ್ಟರಲ್ಲಿ ಹೆಡ್‌ಮಾಸ್ಟರು ಮೂಗು ತೂರಿಸಿದರು.

ಅವರು ಕೆಟ್ಟವರೇನಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು. ಶಾಲೆಯ ಗೋಡೆಗೆ ಸುಣ್ಣ ಕಾಣಿಸಿದ್ದು, ನಲ್ಲಿಯಲ್ಲಿ ನೀರು ಬಂದದ್ದು ಅವರ ಕಾಲದಲ್ಲೇ. ಆದರೆ ತಪ್ಪು ಅಂದರೆ ಅವರಿಗೆ ಅಂಗಿಯ ಮೇಲಿನ ಕಲೆಯಿದ್ದ ಹಾಗೆ, ಕಂಡ ತಕ್ಷಣ ಉಜ್ಜಬೇಕು. ಮೇಳಕ್ಕೆ ಹೋಗುವ ಮುನ್ನ ಒಮ್ಮೆ ನೋಡೋಣ ಎಂದು ತನಿಖೆ ಪುಟಗಳನ್ನು ತೆರೆದರು. ತೆರೆದ ಮೊದಲ ಪುಟದಲ್ಲೇ ಒಬ್ಬ ಹುಡುಗಿ ಸೊಂಟದ ಮೇಲೆ ಕೈಯಿಟ್ಟುಕೊಂಡು ತಪ್ಪು ಉತ್ತರವನ್ನು ಕೂಗಿ ಕೂಗಿ ಹೇಳುತ್ತಿದ್ದಾಳೆ. ಮುಂದಕ್ಕೆ ಹೋಗೋಣವೆಂದರೆ ಪುಟ ಅವರದೇ ಊಹೆ ಕೇಳಿತು. ಹೆಡ್‌ಮಾಸ್ಟರನ್ನೇ ಪ್ರಶ್ನೆ ಕೇಳುವ ಯಂತ್ರ! ಅವರು ಅಲ್ಲಿಗೇ ಮುಚ್ಚಿದರು.

ಮರುದಿನ ಆಜ್ಞೆ ಹೊರಟಿತು. ತಪ್ಪು ಊಹೆಗಳನ್ನೆಲ್ಲ ಅಳಿಸಿ, ಸರಿಯಾದದ್ದನ್ನು ಹೇಳಿ ಹೊಸ ವಿಡಿಯೋ ಮಾಡಬೇಕು. ಶುದ್ಧ ಭಾಷೆಯಲ್ಲಿ ಮಾಡಬೇಕು. ಮಕ್ಕಳು ಪಿಟ್ಟೆನ್ನದೆ ಮಾಡಿದರು. ಒಂದೇ ಮಧ್ಯಾಹ್ನದಲ್ಲಿ ಇಡೀ ಏಳನೇ ತರಗತಿ ಮಹಾಜ್ಞಾನಿಗಳಿಂದ ತುಂಬಿಹೋಯಿತು. ಒಬ್ಬರಾದರೂ ಯಾವುದಾದರೊಂದು ವಿಷಯದಲ್ಲಿ ಎಡವಿದ್ದರು ಎಂಬುದಕ್ಕೆ ಕುರುಹೇ ಉಳಿಯಲಿಲ್ಲ.

ಒಂದು ಪುಟ ಬಿಟ್ಟು.

“ಬೇಗ ಮಾಡೇ,” ಉದ್ದಜಡೆ ಗೋಗರೆದಳು. ಅವಳ ಕೈಯಲ್ಲಿ ಹೆಡ್‌ಮಾಸ್ಟರು ಬರೆದುಕೊಟ್ಟ ಚೀಟಿ ಇತ್ತು: ಉಣ್ಣೆಯು ಶಾಖದ ಅವಾಹಕವಾಗಿರುವುದರಿಂದ ಸುತ್ತಲ್ಪಟ್ಟ ಮಂಜುಗಡ್ಡೆಯು ವಿಳಂಬವಾಗಿ ಕರಗುವುದೆಂದು ನಾನು ಊಹಿಸುತ್ತೇನೆ. “ಇಷ್ಟು ಓದಿದ್ರೆ ಆಯ್ತು. ಆಮೇಲೆ ಬಸ್ಸು, ಉಂಗುರ, ಎಲ್ಲ ಇದೆ. ನಿಂಗೆ ಹುಚ್ಚಾ?”

“ಸುತ್ತಲ್ಪಟ್ಟ,” ಸ್ವೆಟರ್ ಓದಿದಳು. “ನಾನು ಹುಟ್ಟಿದಾಗಿಂದ ಏನನ್ನೂ ಸುತ್ತಲ್ಪಟ್ಟಿಲ್ಲ ಕಣೇ.”

ಉದ್ದಜಡೆಗೆ ನಗು ಬಂತು, ಆದರೆ ನಗಲಿಲ್ಲ. ಅವಳಿಗೆ ಹೋಗಬೇಕಿತ್ತು. ಅದರಲ್ಲಿ ತಪ್ಪೇನೂ ಇಲ್ಲ.

ಸಂಜೆ ಮಿಸ್ ಕರೆದರು. ಲ್ಯಾಬಿನಲ್ಲಿ ಬೇರೆ ಯಾರೂ ಇರಲಿಲ್ಲ. ಮಿಸ್ ಸುಮ್ಮಸುಮ್ಮನೆ ಪರೀಕ್ಷಾ ನಳಿಕೆಗಳನ್ನು ಸ್ಟ್ಯಾಂಡಿಗೆ ಸೇರಿಸಿದರು, ತೆಗೆದರು, ಮತ್ತೆ ಸೇರಿಸಿದರು. ಆಮೇಲೆ ಮುಖ ನೋಡದೆ ಹೇಳಿದರು.

“ಒಂದೇ ಒಂದು ವಿಡಿಯೋ ಅಲ್ವಾ? ತೆಗೆದುಬಿಡು. ಮಿಕ್ಕಿದ್ದೆಲ್ಲ ಇರುತ್ತೆ.”

ಹೆಡ್‌ಮಾಸ್ಟರು ಬೈದಿದ್ದರೂ ಹುಡುಗಿಗೆ ಇಷ್ಟು ನೋಯುತ್ತಿರಲಿಲ್ಲ. “ಮಿಸ್, ಅವತ್ತು ನೀವೇ ಅಲ್ವಾ ಹೇಳಿದ್ದು, ಎಲ್ಲಿಂದ ಹೊರಟೆ ಅಂತ...”

“ಹೇಳಿದ್ದೆ.” ಮಿಸ್ಸಿನ ದನಿ ಸಣ್ಣದಾಯಿತು. “ನೀನು ಮೇಳಕ್ಕೆ ಹೋಗ್ಬೇಕು ಅಂತ ನಂಗೆ ಆಸೆ ಕಣೇ.”

“ನಂಗೂ ಆಸೆ ಇದೆ ಮಿಸ್,” ಎಂದಳು ಹುಡುಗಿ. ಚೀಲ ಹೆಗಲಿಗೇರಿಸಿ ಹೊರಟುಬಿಟ್ಟಳು.

ಮನೆಯವರನ್ನು ಕರೆದುಕೊಂಡು ಬಾ ಎಂದು ಹೆಡ್‌ಮಾಸ್ಟರು ಹೇಳಿ ಕಳಿಸಿದರು. ಅಪ್ಪ ಅಮ್ಮ ಇಬ್ಬರಿಗೂ ಕೆಲಸದಿಂದ ಬಿಡುವು ಸಿಗಲಿಲ್ಲ. ಬಂದವರು ಅಜ್ಜಿ. ದಾರಿಯುದ್ದಕ್ಕೂ ಮೊಮ್ಮಗಳ ಜೊತೆ ಜಗಳವಾಡುತ್ತಲೇ ಬಂದರು. ಜಗಳ ಹೆಡ್‌ಮಾಸ್ಟರ ಬಗ್ಗೆ ಅಲ್ಲ, ಸ್ವೆಟರಿನ ಬಗ್ಗೆ.

“ಬಿಸಿ ಇಲ್ಲ ಅಂತೀಯಾ? ಆ ಸ್ವೆಟರಲ್ಲಿ? ನಿಮ್ಮಪ್ಪ ಚಿಕ್ಕವನಿದ್ದಾಗಿಂದ ಮನೆಮಂದಿನೆಲ್ಲ ಬೆಚ್ಚಗಿಟ್ಟಿದೆ ಅದು. ಊರ ಮುಂದೆ ನನ್ನ ಸ್ವೆಟರ್ ಮಾನ ಕಳೀತಿದೀಯಲ್ಲೇ!”

“ನಿನ್ನ ಸ್ವೆಟರ್ ಒಳ್ಳೇದೇ ಅಜ್ಜಿ. ಅದ್ರಲ್ಲಿ ಬಿಸಿ ಇಲ್ಲ ಅಷ್ಟೆ.”

“ಬಿಸಿ ಇಲ್ಲದ ಸ್ವೆಟರ್ ಒಳ್ಳೇದು ಹೇಗಾಗುತ್ತೆ, ತಲೆಹರಟೆ!”

ಹೆಡ್‌ಮಾಸ್ಟರ ಕೋಣೆಯಲ್ಲಿ ಮಿಸ್ ಆಗಲೇ ಗೋಡೆ ಪಕ್ಕ ನಿಂತಿದ್ದರು. ಮೇಜಿನ ಮೇಲೆ ಟ್ಯಾಬ್ ಇತ್ತು. ಹೆಡ್‌ಮಾಸ್ಟರು ಅಜ್ಜಿಗೆ ಕುರ್ಚಿ ಕೊಟ್ಟು, ನೀರು ತರಿಸಿ, ಮರ್ಯಾದೆಯಿಂದಲೇ ಮಾತು ತೆಗೆದರು.

“ಅಮ್ಮಾ, ನೀವು ದೊಡ್ಡವರು, ನೀವೇ ಹೇಳಿ. ಮೇಳದಲ್ಲಿ ಹತ್ತಾರು ಶಾಲೆಯವ್ರು ಬರ್ತಾರೆ, ತೀರ್ಪುಗಾರರು ಇರ್ತಾರೆ. ಮೊದಲ ಪುಟದಲ್ಲೇ ನಮ್ಮ ಹುಡುಗಿ ತಪ್ಪು ಹೇಳಿ ತೊಡೆ ತಟ್ತಿದ್ರೆ ಶಾಲೆ ಮರ್ಯಾದೆ ಏನಾಗ್ಬೇಕು? ತಪ್ಪನ್ನ ಯಾರಾದ್ರೂ ಹಾರ ಹಾಕಿ ಗೋಡೆಗೆ ತೂಗುಹಾಕ್ತಾರಾ?”

“ಸಾರ್,” ಹುಡುಗಿ ನಡುವೆಯೇ ಬಾಯಿ ಹಾಕಿದಳು. “ಮೊದ್ಲೇ ಸರಿ ಉತ್ತರ ಗೊತ್ತಿತ್ತು ಅಂದ್ರೆ ನಾನು ಖಾಲಿ ಸ್ವೆಟರ್ ಒಳಗೆ ಥರ್ಮಾಮೀಟರ್ ಯಾಕೆ ಇಡ್ತಿದ್ದೆ? ಗೊತ್ತಿದ್ದೂ ಗೊತ್ತಿದ್ದೂ ಇಡೋಕೆ ನಂಗೇನು ಕೆಲ್ಸ ಇಲ್ವಾ? ಅದನ್ನ ತೆಗೆದ್ರೆ ಆಮೇಲಿಂದು ಎಲ್ಲಾ ಸುಳ್ಳು ಸಾರ್.”

“ಯಾವ ಥರ್ಮಾಮೀಟರ್?”

ಅಜ್ಜಿ ಕನ್ನಡಕದ ಮೇಲಿಂದ ನೋಡಿದರು.

“ಅಯ್ಯೋ ಮೇಷ್ಟ್ರೇ, ಪೂರ್ತಿ ನೋಡೇ ಇಲ್ವಾ ನೀವು? ನೋಡದೆ ಮಾಡದೆ ಬೈತಾ ಕೂತ್ರೆ ಹೇಗೆ? ತೆಗೀರಿ, ನಾನೂ ನೋಡ್ಬೇಕು. ನನ್ನ ಸ್ವೆಟರ್ ವಿಷಯ.”

ಹೆಡ್‌ಮಾಸ್ಟರು ಪುಟ ತೆರೆದು, ಮಂಜುಗಡ್ಡೆಯ ಊಹೆಗೆ ತಮ್ಮ ಚೀಟಿಯ ಸಾಲನ್ನೇ ಒಪ್ಪಿಸಿ ಮುಂದಕ್ಕೆ ಹೋದರು. ಪುಟ ಮತ್ತೆ ನಿಂತು ಕೇಳಿತು: ಖಾಲಿ ಸ್ವೆಟರಿನೊಳಗೆ ಥರ್ಮಾಮೀಟರ್ ಇಟ್ಟರೆ ಏನಾಗುತ್ತೆ? ನಿಮ್ಮ ಊಹೆ ಹೇಳಿ.

“ಏರುತ್ತೆ!” ಅಜ್ಜಿ ಬಗ್ಗಿ ಟ್ಯಾಬಿಗೇ ಕೂಗಿದರು. “ಏರದೆ ಏನು, ನಾನು ಹೆಣೆದ ಸ್ವೆಟರು! ಬರ್ಕೋ.”

ಈಗ ಎಲ್ಲರೂ ಹೆಡ್‌ಮಾಸ್ಟರ ಕಡೆ ನೋಡಿದರು. ಅವರು ಒಂದು ಕಾಲದಲ್ಲಿ ಚರಿತ್ರೆ ಪಾಠ ಮಾಡುತ್ತಿದ್ದವರು. ಅಲ್ಲಿ ಊಹೆ ಹೇಳುವ ಪ್ರಮೇಯವೇ ಇರಲಿಲ್ಲ. ಮಿಸ್ ಬಾಯಿ ತೆರೆಯಲು ಹೊರಟು ಸುಮ್ಮನಾದರು. ಸುಮ್ಮನಾದದ್ದು ಬೇಕೆಂದೇ ಎಂದು ಹುಡುಗಿಗೆ ಅನ್ನಿಸಿತು.

“ಸ್ವಲ್ಪ ಏರುತ್ತೆ, ಇನ್ನೇನು,” ಎಂದರು ಹೆಡ್‌ಮಾಸ್ಟರು, ಪಾಠ ಹೇಳುವ ದನಿಯಲ್ಲಿ. “ಸ್ವೆಟರ್ ಅಂದ್ಮೇಲೆ ತಕ್ಕಮಟ್ಟಿಗೆ ಬೆಚ್ಚಗಾಗ್ಲೇಬೇಕಲ್ಲ.”

ಪುಟ ತೆರೆದುಕೊಂಡಿತು. ಫೋಟೋಗಳು ಒಂದರ ಹಿಂದೊಂದು ಸರಿದವು. ಮಡಿಕೆಯೊಳಗಿನ ಥರ್ಮಾಮೀಟರು, ಮೇಜಿನ ಮೇಲಿನ ಥರ್ಮಾಮೀಟರು. ಒಂದೇ ಗೆರೆ, ಒಂದೇ ಗೆರೆ, ಮತ್ತೂ ಒಂದೇ ಗೆರೆ. ಕೊನೆಗೆ ಹುಡುಗಿಯ ಸಿಟ್ಟಿನ ದನಿ ಕೋಣೆಯಲ್ಲಿ ಕೇಳಿಸಿತು, ಸ್ವೆಟರಿಗೆ ಸ್ವಂತದ್ದು ಅಂತ ಏನೂ ಇಲ್ಲ ಎಂದು.

ಅಜ್ಜಿ ಬಹಳ ಹೊತ್ತು ಆ ಫೋಟೋವನ್ನೇ ನೋಡಿದರು. “ಹಾಳಾದ್ದು,” ಎಂದರು ಕೊನೆಗೆ, ಮೋಸ ಹೋದವರ ಹಾಗೆ. “ಹಾಗಾದ್ರೆ ಇಷ್ಟು ವರ್ಷ ನಮ್ಮ ಬಿಸಿ ನಮಗೇ ಕೊಡ್ತಿತ್ತಾ ಇದು?” ಆಮೇಲೆ ಅವರಿಗೇ ನಗು ಬಂತು, ಹೊಟ್ಟೆ ಕುಲುಕಿಸಿಕೊಂಡು ನಕ್ಕರು.

ಟ್ಯಾಬು ಕೊನೆಯದಾಗಿ ಕೇಳಿತು: ನೋಡಿದವರ ಊಹೆ ಇರಲೇ, ಅಳಿಸಲೇ?

“ನಂದು ಇರ್ಲಿ,” ಎಂದರು ಅಜ್ಜಿ. “ಹೇಳಿದ್ದು ಹೇಳಾಯ್ತು. ಕದ್ದದ್ದಾ, ಬಚ್ಚಿಡೋಕೆ?”

ಹೆಡ್‌ಮಾಸ್ಟರ ಬೆರಳು ಗಾಜಿನ ಮೇಲೆ ಸ್ವಲ್ಪ ಹೊತ್ತು ನಿಂತಿತು. ಹುಡುಗಿ ಅವರ ಮುಖವನ್ನೇ ನೋಡುತ್ತಿದ್ದಳು. ಇಟ್ಟುಕೊಳ್ಳಿ ಸಾರ್, ಏನೂ ಆಗಲ್ಲ, ನಾಲ್ಕು ದಿನ ನಗ್ತಾರೆ ಅಷ್ಟೆ, ಎಂದು ಹೇಳಬೇಕು ಅನ್ನಿಸಿತು ಅವಳಿಗೆ. ನಿಜವಾಗಿಯೂ ಅನ್ನಿಸಿತು. ಅವರು ಮೆಲ್ಲಗೆ ತಮ್ಮದನ್ನು ಅಳಿಸಿದರು.

ಅಳಿಸಿದ ಮೇಲೆ ಅವರ ಪಿತ್ತ ನೆತ್ತಿಗೇರಿತು. ತಾನೇ ಕಾಲು ಜಾರಿದವನಿಗೆ ಎದುರಿಗೆ ಕಂಡವರ ಮೇಲೆ ಬರುವ ಸಿಟ್ಟು ಅದು. ಇಷ್ಟು ಹೊತ್ತು ಹಿಡಿದಿದ್ದ ಮರ್ಯಾದೆಯೆಲ್ಲ ಸಡಿಲವಾಯಿತು.

“ಸಾಕು ಈ ನಾಟಕ. ನೋಡು, ಈಗ ಇಲ್ಲೇ, ನನ್ನ ಕಣ್ಣೆದುರಿಗೆ ಅದನ್ನ ಅಳಿಸ್ಬೇಕು. ಇಲ್ಲಾಂದ್ರೆ ನಿನ್ನ ಹೆಸರು ಪಟ್ಟಿಯಿಂದ ತೆಗೀತೀನಿ. ಆ ಉದ್ದಜಡೆ ಹುಡುಗಿ ಹೊಸ ವಿಡಿಯೋ ಮಾಡಿಟ್ಟಿದ್ದಾಳೆ, ಅವಳೊಬ್ಬಳೇ ಹೋಗ್ಲಿ. ಬಸ್ಸು, ಮೇಳ, ಆ ಉಂಗುರ ಗಿಂಗುರ, ಎಲ್ಲ ಮರೆತುಬಿಡು. ಏನ್ ಜಂಭ ಇದು, ಈ ವಯಸ್ಸಿಗೆ! ತಪ್ಪು ಹೇಳಿದ್ದಲ್ದೆ ಅದನ್ನೇ ಎತ್ತಿ ಎತ್ತಿ ತೋರಿಸ್ತಾಳಂತೆ! ಮಿಸ್, ನೀವಾದ್ರೂ ಹೇಳಿ ಇವಳಿಗೆ.”

ಮಿಸ್ ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದರು. “ನಾನು ಹೇಳಿ ಆಯ್ತು ಸಾರ್, ನಿನ್ನೆನೇ. ಅವಳು ಕೇಳ್ಲಿಲ್ಲ.” ಉಸಿರು ಎಳೆದುಕೊಂಡು ಮತ್ತೆ ಹೇಳಿದರು, “ಕೇಳದೇ ಇದ್ದದ್ದೇ ಒಳ್ಳೇದಾಯ್ತು. ಇನ್ನೊಂದ್ಸಲ ಹೇಳಲ್ಲ ನಾನು.”

“ಹಾಗೋ!” ಹೆಡ್‌ಮಾಸ್ಟರು ಪೆನ್ನು ಎಳೆದುಕೊಂಡರು. ಮೇಳಕ್ಕೆ ಹೋಗುವವರ ಪಟ್ಟಿ ಅಲ್ಲೇ ಇತ್ತು. ಹುಡುಗಿಯ ಆ ಹಳೆಯ, ಚೆನ್ನಾಗಿದ್ದ ಹೆಸರಿನ ಮೇಲೆ ಗೆರೆ ಎಳೆದರು. ಕಾಗದ ಹರಿಯುವಷ್ಟು ಒತ್ತಿ ಎಳೆದರು.

ಅಲ್ಲಿಯವರೆಗೆ ತಡೆದದ್ದು ಇನ್ನು ತಡೆಯಲಾಗಲಿಲ್ಲ. ಮನೆಯಲ್ಲಿ ತುಂಬಿಟ್ಟ ಚೀಲ ನೆನಪಾಯಿತು, ಬಸ್ಸಿನ ಕಿಟಕಿ ಪಕ್ಕದ ಸೀಟು ಯಾರಿಗೆ ಎಂದು ಉದ್ದಜಡೆಯೊಂದಿಗೆ ಕಿತ್ತಾಡಿದ್ದು ನೆನಪಾಯಿತು, ಒಂದೇ ಒಂದು ಸಲ ನೋಡಬೇಕಿದ್ದ ಆ ಉಂಗುರ ನೆನಪಾಯಿತು. ಕಣ್ಣಿಂದ ನೀರು ಧಾರಾಕಾರ ಇಳಿಯಿತು. ಅವಳು ಬಿಕ್ಕಿಬಿಕ್ಕಿ, ನಾಚಿಕೆ ಬಿಟ್ಟು ಅತ್ತಳು. ಅಜ್ಜಿ ಎದ್ದು ಬಂದು ಅವಳ ಭುಜದ ಮೇಲೆ ಕೈಯಿಟ್ಟರು.

ಹುಡುಗಿ ಅಳುವುದನ್ನು ಕಂಡು ಹೆಡ್‌ಮಾಸ್ಟರು ಕರಗಿದರು. ಗೆದ್ದೆ ಅಂದುಕೊಂಡರು, ಅದಕ್ಕೇ ಕರಗಿದರು. ಟ್ಯಾಬನ್ನು ಅವಳ ಕಡೆ ಸರಿಸಿ, ದನಿ ಮೆತ್ತಗೆ ಮಾಡಿಕೊಂಡರು.

“ಹೋಗ್ಲಿ ಬಿಡಮ್ಮ. ಇಷ್ಟಕ್ಕೆಲ್ಲಾ ಅಳ್ತಾರಾ? ಹೆಸರು ಮತ್ತೆ ಸೇರಿಸ್ತೀನಿ. ತಗೋ, ಆ ಗೆರೆ ಎಳಿ, ಅಳಿಸ್ಬಿಡು. ಮುಗೀತು.”

ಹುಡುಗಿ ಟ್ಯಾಬ್ ಕೈಗೆತ್ತಿಕೊಂಡಳು. ತೆರೆಯ ಮೇಲೆ ಅವಳದೇ ಮುಖ, ಸೊಂಟದ ಮೇಲೆ ಕೈ, ತುಂಬುಬಾಯಿ, ತಪ್ಪು ಮಾತು. ಅದನ್ನು ನೋಡಿದಳು. ತೋಳಿನಿಂದ ಮೂಗು ಒರೆಸಿಕೊಂಡಳು. ಟ್ಯಾಬನ್ನು ತಿರುಗಿ ಮೇಜಿನ ಮೇಲೆ, ಅವರ ಕಡೆಗೇ ಮುಖ ಮಾಡಿ ಇಟ್ಟಳು.

“ನನ್ನನ್ನ ಅಳಿಸಿದ್ರಲ್ಲ ಸಾರ್,” ಎಂದಳು, ಬಿಕ್ಕುತ್ತಲೇ. “ಅಷ್ಟು ಸಾಕು. ಅದನ್ನ ಅಳಿಸೋಕಾಗಲ್ಲ.”